ಬಾಯಮ್ಮನ ತಟ್ಟೆ ಲೆಕ್ಕ

ಮಂಗಳೂರು ಕಡೆ ಡಿಸೆಂಬರ್ ಅರ್ಧ ಕಳೆಯಿತೆಂದು ತಿಳಿಯಲು ಕ್ಯಾಲೆಂಡರ್ ಬೇಕಿಲ್ಲ. ಹುರಿದ ಎಳ್ಳಿನ ಪರಿಮಳವೂ ಕಾದ ಎಣ್ಣೆಯ ವಾಸನೆಯೂ ಒಂದೇ ಕಿಟಕಿಯಿಂದ ಹೊರಬಂದರೆ, ಆ ಮನೆಯೊಡತಿ ಬಾಯಮ್ಮ ನೈಟಿಯ ತೋಳು ಮಡಚಿ ಕುಸ್ವಾರಿಗೆ ಇಳಿದಿದ್ದಾರೆ ಎಂದು ಅರ್ಥ. ಕುಸ್ವಾರ್ ಅಂದರೆ ಕೊಂಕಣಿ ಕ್ರೈಸ್ತರು ಕ್ರಿಸ್ಮಸ್ಸಿಗೆ ಮಾಡಿ ಹಂಚುವ ತಿಂಡಿಗಳ ಒಟ್ಟು ಹೆಸರು. ನಮ್ಮ ಕರ್ಜಿಕಾಯಿಯ ಹತ್ತಿರದ ಬಂಧು ನೆವ್ರಿ, ಅಕ್ಕಿಹಿಟ್ಟು ತೆಂಗಿನಹಾಲಿನ ಗುಂಡು ಗುಳಿಯೊ, ಅಚ್ಚಿನಲ್ಲಿ ಅದ್ದಿ ಕರಿದ ಹೂವಿನಂಥ ಕೊಕ್ಕಿಸಾಂ, ತುಕ್ಡಿ, ಚಕ್ಕುಲಿ, ಪೇರಳೆ ಹಣ್ಣಿನ ಪೆರಾದ್, ಇವೆಲ್ಲಕ್ಕೂ ಹಿರಿಯಣ್ಣನಾಗಿ ಕೇಕು. ಪಟ್ಟದರಸಿ ಮಾತ್ರ ಕಿಡಿಯೊ. ಹೆಸರಿನ ಅರ್ಥ ಹುಳುಗಳು ಎಂದು. ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯ ಹುಳು ಹುಟ್ಟುತ್ತದೆ. ಈ ಬಾಚಣಿಗೆ ಯಾವ ತಲೆಯನ್ನೂ ಕಂಡದ್ದಲ್ಲ ಎಂದು ಪ್ರತಿ ವರ್ಷವೂ ತಿನ್ನುವವರಿಗೆ ಸ್ಪಷ್ಟಪಡಿಸಲಾಗುತ್ತದೆ.

ಕೈಯಾರೆ ಮಾಡಿ ಕೊಡುವ ಉಡುಗೊರೆಯಲ್ಲಿ ಬರೀ ಪ್ರೀತಿಯಿದೆ, ಲೆಕ್ಕವಿಲ್ಲ ಎಂಬ ಮಾತನ್ನು ನಾವೆಲ್ಲ ನಂಬಿದ್ದೇವೆ. ಬಾಯಮ್ಮನೂ ಅದನ್ನೇ ಹೇಳುತ್ತಾರೆ. ತಟ್ಟೆ ಕೈಗೆ ಕೊಡುವಾಗ ಅವರ ಬಾಯಲ್ಲಿ ಬರುವುದು ಒಂದೇ ಮಾತು: "ಈ ಸಲ ಎಂತದೂ ಮಾಡ್ಲಿಲ್ಲ ಮಾರಾಯ್ತಿ, ಸುಮ್ನೆ ಸ್ವಲ್ಪ." ಆ ಸ್ವಲ್ಪದ ಕೇಕಿಗೆ ಒಣಹಣ್ಣು ರಮ್ಮಿನಲ್ಲಿ ಮುಳುಗಿ ಎರಡು ತಿಂಗಳಾಗಿದೆ. ಆದರೆ ಕುಸ್ವಾರ್ ಇಂದಿಗೂ ಉಳಿದಿದ್ದರೆ ಅದು ಬಾಯಮ್ಮನ ಉದಾರತೆಯಿಂದಲ್ಲ, ಅವರ ಲೆಕ್ಕದಿಂದ ಎಂಬುದು ನನ್ನ ವಾದ. ಅನುಮಾನವಿದ್ದರೆ ಇಪ್ಪತ್ತನಾಲ್ಕರ ಬೆಳಗ್ಗೆ ಅವರ ಊಟದ ಮೇಜನ್ನು ನೋಡಬೇಕು. ಸಾಲಾಗಿ ಇಟ್ಟ ತಟ್ಟೆಗಳು ದೂರದಿಂದ ಒಂದೇ ಥರ ಕಾಣುತ್ತವೆ. ಹತ್ತಿರ ಹೋದರೆ ಗೊತ್ತಾಗುತ್ತದೆ, ಇಗರ್ಜಿಯ ಪಾದ್ರಿಗಳ ತಟ್ಟೆಯಲ್ಲಿ ನೆವ್ರಿ ಆರು, ಎದುರುಮನೆಗೆ ನಾಲ್ಕು, ಹೊಸದಾಗಿ ಬಾಡಿಗೆಗೆ ಬಂದವರಿಗೆ ಸದ್ಯಕ್ಕೆ ಎರಡು. ಅಂಚು ಬಿಟ್ಟು ಹೂರಣ ಉದುರಿದ ನೆವ್ರಿಗಳು ಸ್ವಂತ ಗಂಡ ಮಕ್ಕಳಿಗೆ. ಹೋದ ವರ್ಷ "ಕಿಡಿಯೊ ಸ್ವಲ್ಪ ಗಟ್ಟಿ ಆಯ್ತಾ ಅಂತ" ಎಂದ ನಾದಿನಿಯ ತಟ್ಟೆಗೆ ಈ ವರ್ಷ ಒಂದೊಂದೇ ಕಿಡಿಯೊ ಆರಿಸಿ ಹಾಕಲಾಗಿದೆ. ಅದನ್ನು ಪ್ರೀತಿ ಎನ್ನುವವರು ಎನ್ನಲಿ. ಕೋರ್ಟಿನ ಭಾಷೆಯಲ್ಲಿ ಅದಕ್ಕೆ ಮೇಲ್ಮನವಿ ಎನ್ನುತ್ತಾರೆ.

ಫ್ರಾನ್ಸಿನ ಮಾರ್ಸೆಲ್ ಮಾಸ್ ಎಂಬ ವಿದ್ವಾಂಸ 1925ರಲ್ಲಿ ಉಡುಗೊರೆಯ ಬಗ್ಗೆ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದ. ಉಡುಗೊರೆ ಮೇಲ್ನೋಟಕ್ಕೆ ಸ್ವಇಚ್ಛೆಯದು, ಒಳಗೆ ಮಾತ್ರ ಮೂರು ಕಟ್ಟುಪಾಡುಗಳಿವೆ: ಕೊಡಲೇಬೇಕು, ತೆಗೆದುಕೊಳ್ಳಲೇಬೇಕು, ತಿರುಗಿ ಕೊಡಲೇಬೇಕು ಎಂಬುದು ಅವನ ಮಾತಿನ ಸಾರ. ಪಾಲಿನೇಷ್ಯದಿಂದ ವಾಯವ್ಯ ಅಮೆರಿಕದವರೆಗಿನ ಜನರ ವೃತ್ತಾಂತಗಳನ್ನು ಓದಿ ಅವನು ಕಂಡುಕೊಂಡದ್ದನ್ನು ಬಾಯಮ್ಮ ಅಡುಗೆಮನೆ ದಾಟದೆಯೇ ಕಂಡುಕೊಂಡಿದ್ದಾರೆ. ಎದುರುಮನೆಯ ಶೆಟ್ಟರ ಹೆಂಡತಿ ದೀಪಾವಳಿಗೆ ಏನು ಕಳಿಸಿದ್ದರು, ಹಿಂದಿನ ಮನೆಯ ಬ್ಯಾರಿಗಳಲ್ಲಿಂದ ಈದ್‌ಗೆ ಬಂದ ಬಿರಿಯಾನಿ ಎಷ್ಟು ದೊಡ್ಡ ಪಾತ್ರೆಯಲ್ಲಿತ್ತು, ಎಲ್ಲವೂ ಜಮೆ ಆಗಿದೆ. ಡಿಸೆಂಬರಿನ ತಟ್ಟೆ ಅದಕ್ಕೆ ಖರ್ಚು. ಸ್ವಾರಸ್ಯ ಇರುವುದು ಈ ಖಾತೆ ಎಂದೂ ಮುಗಿಯಬಾರದು ಎಂಬಲ್ಲಿ. ಬಂದಷ್ಟನ್ನೇ ತೂಗಿ ವಾಪಸು ಕೊಟ್ಟರೆ ವ್ಯವಹಾರ ಚುಕ್ತಾ ಆದಂತೆ, ಚುಕ್ತಾ ಆದಮೇಲೆ ನೆಂಟಸ್ತಿಕೆ ಏನು ಉಳಿಯಿತು? ಅದಕ್ಕೇ ಬಾಯಮ್ಮ ಯಾವಾಗಲೂ ಒಂದು ನೆವ್ರಿ ಹೆಚ್ಚು ಇಡುತ್ತಾರೆ. ಸಾವಾದ ಮನೆಯಲ್ಲಿ ಆ ವರ್ಷ ಬಾಣಲೆ ಒಲೆಗೇರಿಸುವ ಮನಸ್ಸು ಯಾರಿಗಿರುತ್ತದೆ? ಆ ಮನೆಗೆ ಹೋಗುವ ತಟ್ಟೆ ಉಳಿದೆಲ್ಲಕ್ಕಿಂತ ತುಂಬಿರುತ್ತದೆ, ಅದರ ಮೇಲಿನ ಕಾಗದವೂ ಹೊಸದಾಗಿರುತ್ತದೆ, ಮತ್ತು "ಸುಮ್ನೆ ಸ್ವಲ್ಪ" ಎಂಬ ಮಾತು ಅಲ್ಲಿ ಬರುವುದಿಲ್ಲ. ಲೆಕ್ಕ ಇಟ್ಟವರಿಗೆ ಮಾತ್ರ ಎಲ್ಲಿ ಲೆಕ್ಕ ಇಡಬಾರದೆಂದು ತಿಳಿದಿರುತ್ತದೆ.

ಅರ್ಥಶಾಸ್ತ್ರಜ್ಞರು ಇದಕ್ಕೆ ತಕರಾರು ತೆಗೆಯಬಹುದು, ತೆಗೆದೂ ಇದ್ದಾರೆ. ಜೋಯೆಲ್ ವಾಲ್ಡ್‌ಫೋಗೆಲ್ ಎಂಬ ಅಮೆರಿಕನ್ನರೊಬ್ಬರು 1993ರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿ ನೋಡಿ, ಕ್ರಿಸ್ಮಸ್ ಉಡುಗೊರೆಗೆ ಹಾಕಿದ ದುಡ್ಡಿನಲ್ಲಿ ಹತ್ತನೇ ಒಂದರಿಂದ ಮೂರನೇ ಒಂದರಷ್ಟು ನೀರುಪಾಲು ಎಂದು ಅಂದಾಜು ಮಾಡಿದರು. ಪಡೆದವರು ಆ ವಸ್ತುವಿಗೆ ಅಷ್ಟು ಬೆಲೆ ಕಟ್ಟುವುದಿಲ್ಲವಂತೆ. ಅದರಲ್ಲೂ ಅಜ್ಜ ಅಜ್ಜಿ, ಅತ್ತೆ, ಚಿಕ್ಕಮ್ಮಂದಿರು ಕೊಟ್ಟದ್ದರಲ್ಲೇ ನಷ್ಟ ಜಾಸ್ತಿ! ಒಪ್ಪೋಣ. ಹಲ್ಲಿನ ಡಾಕ್ಟರನ್ನು ನೆನಪಿಸುವ ಗುಳಿಯೊ ಕೂಡ ಇರುತ್ತದೆ, ಅದನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರೂ ಇಲ್ಲ. ಆದರೆ ವಿದ್ಯಾರ್ಥಿಗಳಿಗೆ ಕೇಳಿದ ಪ್ರಶ್ನೆಯಲ್ಲೇ ಒಂದು ಷರತ್ತಿತ್ತು: ಭಾವನೆಯ ಬೆಲೆಯನ್ನು ಬದಿಗಿಟ್ಟು ಉತ್ತರಿಸಿ ಎಂದು. ತೆಂಗಿನಕಾಯಿಯ ಬೆಲೆ ಹೇಳಿ, ಒಳಗಿನ ತಿರುಳನ್ನೂ ನೀರನ್ನೂ ಬಿಟ್ಟು ಎಂದಂತಾಯಿತು. ಕರಟಕ್ಕೆ ಎಷ್ಟು ಸಿಗುತ್ತದೋ ಅಷ್ಟೇ ಸಿಗುತ್ತದೆ. ದುಬೈಗೆ ಹೊರಟ ಮಗನ ಪೆಟ್ಟಿಗೆಯಲ್ಲಿ ಎರಡು ಕಿಲೋ ಕುಸ್ವಾರಿಗಾಗಿ ಎರಡು ಜೊತೆ ಪ್ಯಾಂಟು ಹೊರಬೀಳುವಾಗ ಯಾರೂ ಈ ಲೆಕ್ಕ ಹಾಕುವುದಿಲ್ಲ. ಪ್ಯಾಂಟು ದುಬೈಯಲ್ಲೂ ಸಿಗುತ್ತದೆ.

ಈಗ ಬೇಕರಿಗಳಲ್ಲಿ ಕುಸ್ವಾರ್ ಕಿಲೋಗಟ್ಟಲೆ ಸಿಗುವಾಗ ಈ ಬಾಯಮ್ಮ ಇನ್ನೆಷ್ಟು ದಿನ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ, ಬಾಯಮ್ಮನೇ ಅದಕ್ಕೆ ಉತ್ತರ ಕಂಡುಕೊಂಡಿದ್ದಾರೆ. ಚಕ್ಕುಲಿ, ತುಕ್ಡಿಗಳನ್ನು ಅವರು ಕತ್ತಲಾದ ಮೇಲೆ ಬೇಕರಿಯಿಂದ ತರಿಸುತ್ತಾರೆ, ಪೊಟ್ಟಣ ಬಿಡಿಸಿ ತಮ್ಮ ಡಬ್ಬಿಗೆ ಸುರಿಯುತ್ತಾರೆ, ಡಬ್ಬಿ ಹಳೆಯದಾದ್ದರಿಂದ ತಿಂಡಿಯೂ ಮನೆಯದಾಗುತ್ತದೆ. ಕಿಡಿಯೊ ವಿಷಯದಲ್ಲಿ ಮಾತ್ರ ಈ ಜಾಣತನ ನಡೆಯದು. ಬೇಕರಿಯ ಕಿಡಿಯೊ ಎಲ್ಲ ಒಂದೇ ಅಳತೆ. ಮನೆಯದರಲ್ಲಿ ಅಜ್ಜಿಯ ಸುರುಳಿ ಸಣ್ಣದು, ಮಗಳದ್ದು ಸಡಿಲ, ಮೊಮ್ಮಗನದ್ದು ಹುಳುವಲ್ಲ ಹಾವು. ತಟ್ಟೆ ನೋಡಿಯೇ ಕಿಡಿಯೊ ಸುತ್ತಿದ ರಾತ್ರಿ ಮೇಜಿನ ಸುತ್ತ ಯಾರ್ಯಾರು ಕೂತಿದ್ದರು ಎಂದು ಹೇಳಬಹುದು. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಈ ದುಡಿಮೆಯೆಲ್ಲ ಹೆಂಗಸರ ಸೊಂಟದ ಮೇಲೆಯೇ ಏಕೆ? ಇದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ಮನೆಯ ಯಜಮಾನರು ಫೋರ್ಕ್ ಹಿಡಿದು ಹನ್ನೆರಡು ಕಿಡಿಯೊ ಸುತ್ತಿ, ಬೆನ್ನು ನೆಟ್ಟಗೆ ಮಾಡಿ, ಗೋದಲಿಯ ಬಲ್ಬು ಉರಿಯುತ್ತಿದೆಯೋ ನೋಡಿ ಬರುತ್ತೇನೆಂದು ಎದ್ದು ಹೋಗುತ್ತಾರೆ. ಆಮೇಲೆ ತಟ್ಟೆ ಹಂಚುವಾಗ "ನಾವೇ ಮಾಡಿದ್ದು" ಎನ್ನುವವರೂ ಅವರೇ. ಬಾಯಮ್ಮ ಆ ಹನ್ನೆರಡನ್ನೂ ಎಣಿಸಿ ಇಟ್ಟುಕೊಂಡಿದ್ದಾರೆ, ಈ ಖಾತೆ ಯಾವ ಹಬ್ಬಕ್ಕೆ ವಸೂಲಾಗುತ್ತದೋ ಗೊತ್ತಿಲ್ಲ.

ಈ ವರ್ಷ ನಿಮ್ಮ ಮನೆಗೂ ಅಂಥ ತಟ್ಟೆಯೊಂದು ಬಂದು, ತಿಂಡಿ ಖಾಲಿಯಾಗಿ, ತೊಳೆದು ಕಟ್ಟೆಯ ಮೇಲೆ ಕೂತಿದ್ದರೆ ದಯವಿಟ್ಟು ಬರಿದಾಗಿ ಕಳಿಸಬೇಡಿ. ನಾಲ್ಕು ಬಾಳೆಹಣ್ಣು ಸಾಕು, ಅದೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಬೇಗ ಕಳಿಸಬೇಕೆಂದೂ ಇಲ್ಲ, ತಟ್ಟೆ ಎಲ್ಲಿದೆಯೆಂದು ಬಾಯಮ್ಮನಿಗೆ ಗೊತ್ತಿದೆ.