ಪಾಸಣ್ಣ

ಬೆಂಗಳೂರಿನ ಫುಟ್‌ಬಾಲ್ ಯಾಕೆ ಹೀಗೆ ಸೊರಗಿತು ಎಂದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನ ಹತ್ತಿರ ಯಾರನ್ನಾದರೂ ಕೇಳಿ, ಎರಡು ಮಾತಿನಲ್ಲಿ ಉತ್ತರ ಸಿಗುತ್ತದೆ. ಪಾಸಣ್ಣನನ್ನು ಕೇಳಿದಿರೋ, ಮಧ್ಯಾಹ್ನ ಪೂರ್ತಿ ಹೋಯಿತು. ಅವರದು 1948ರ ಲಂಡನ್ ಒಲಿಂಪಿಕ್ಸಿನಿಂದಲೇ ಶುರು. ಹೆಚ್ಚಿನವರು ಬರಿಗಾಲಲ್ಲೇ ಆಡಿದ ನಮ್ಮ ತಂಡ ಫ್ರಾನ್ಸಿಗೆ 1-2ರಿಂದ ಸೋತಿತಲ್ಲ, ಆ ಒಂದು ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಅದೇ ಪಂದ್ಯದಲ್ಲಿ ಸಿಕ್ಕ ಎರಡು ಪೆನಾಲ್ಟಿಯನ್ನೂ ನಮ್ಮವರು ಹಾಳು ಮಾಡಿದರು. ಅದನ್ನು ಹೇಳುತ್ತಾ ಪಾಸಣ್ಣ ಹಣೆ ಹಣೆ ಚಚ್ಚಿಕೊಳ್ಳುವುದನ್ನು ನೋಡಿದರೆ ಅವತ್ತು ಗೋಲ್‌ಪೋಸ್ಟಿನ ಹಿಂದೆಯೇ ನಿಂತಿದ್ದರೇನೋ ಅನ್ನಿಸಬೇಕು. ಆಗ ಅವರ ಅಪ್ಪನಿಗೇ ಮದುವೆಯಾಗಿರಲಿಲ್ಲ.

ಅಲ್ಲಿಂದ ಅಹ್ಮದ್ ಖಾನ್, ಅರುಮೈನಾಯಗಂ. ಇಲ್ಲಿನ ಗಲ್ಲಿಗಳಲ್ಲಿ ಆಡಿ ಬೆಳೆದು ಕಲ್ಕತ್ತೆಯ ಪಾಲಾದವರು. ಆಮೇಲೆ ಸಂತೋಷ್ ಟ್ರೋಫಿ. 1968-69ರಲ್ಲಿ ಮೈಸೂರು ರಾಜ್ಯ ಗೆದ್ದ ಮೇಲೆ ಮತ್ತೆ ಕಪ್ಪು ನಮ್ಮ ಕೈಗೆ ಬರಲು 2023ರವರೆಗೆ ಕಾಯಬೇಕಾಯಿತು. ಅದೂ ಸೌದಿಯ ರಿಯಾದಿನಲ್ಲಿ, ಮೇಘಾಲಯದ ಮೇಲೆ 3-2. ಆ ಫೈನಲ್ಲನ್ನು ಪಾಸಣ್ಣ ಫೋನಿನಲ್ಲೇ ನೋಡಿದರು. ರಿಯಾದಿನಲ್ಲಿ ಪಾಸ್ ಕೊಡಿಸುವ ಪರಿಚಯದವರು ಯಾರೂ ಇರಲಿಲ್ಲ.

ಪಾಸಣ್ಣಂದಿರು ಏರಿಯಾಗೊಬ್ಬರಿದ್ದಾರೆ. ಆಸ್ಟಿನ್ ಟೌನಿನಲ್ಲಿ ಒಬ್ಬರು, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರದಲ್ಲಿ ಇನ್ನೊಬ್ಬರು. ನಾನು ಹೇಳುತ್ತಿರುವವರು ಕಾರ್ಖಾನೆಯಿಂದ ನಿವೃತ್ತರು. ಮನೆ ಸ್ವಂತದ್ದು, ಮೇಲಿನದನ್ನು ಬಾಡಿಗೆಗೆ ಕೊಟ್ಟಿದ್ದಾರೆ, ಮಗಳು ಕೆನಡಾದಲ್ಲಿದ್ದಾಳೆ. ಕೈಯಲ್ಲೊಂದು ಬಟ್ಟೆ ಚೀಲ, ಅದರಲ್ಲಿ ಕೂರಲು ಹಾಸಿಕೊಳ್ಳುವ ನಿನ್ನೆಯ ಪೇಪರು, ಒಂದು ಕೊಡೆ, ಒಂದು ವಿಷಲ್. ನಮ್ಮ ಪುಟ್ಟ ಕ್ಲಬ್ಬು ತವರಿನಲ್ಲಿ ಆಡಿದ ಪಂದ್ಯಗಳಲ್ಲಿ ಒಂದನ್ನು ಬಿಟ್ಟರೆ ಯಾವುದನ್ನೂ ಅವರು ತಪ್ಪಿಸಿಲ್ಲ. ಅವರು ಟಿಕೆಟ್ ಕೊಂಡದ್ದನ್ನು ಯಾರೂ ಕಂಡಿಲ್ಲ.

ಟಿಕೆಟ್ಟಿನ ಬೆಲೆ 50 ರೂಪಾಯಿ. ಗೇಟಿನಲ್ಲಿ ನಿಲ್ಲುವುದು ಕ್ಲಬ್ಬಿನ ಜೂನಿಯರ್ ತಂಡದ ಹುಡುಗ.

"ಟಿಕೆಟ್ ಸಾರ್."

"ನಾನಾ?"

ಈ 'ನಾನಾ'ವನ್ನು ಪಾಸಣ್ಣ ಎಳೆಯುವ ಉದ್ದಕ್ಕೆ ಕಾರ್ನರ್ ಕಿಕ್ಕೊಂದು ಬಂದು ಹೋಗಬಹುದು.

"ಹೂಂ ಸಾರ್. ಐವತ್ತು."

"ಹೊಸಬನೇನಪ್ಪಾ ನೀನು? ನಿಮ್ಮ ಕೋಚ್ ಚಡ್ಡಿ ಹಾಕ್ಕೊಂಡು ಬರ್ತಿದ್ದಾಗಿಂದ ನಾನಿಲ್ಲಿ ಬರ್ತಾ ಇದೀನಿ."

"ಕೋಚ್ ಈಗಲೂ ಚಡ್ಡೀನೇ ಸಾರ್ ಹಾಕೋದು."

ಪಾಸಣ್ಣ ಫೋನ್ ತೆಗೆಯುತ್ತಾರೆ. ಸೆಕ್ರೆಟರಿ ಎತ್ತುವುದಿಲ್ಲ, ಪಂದ್ಯದ ದಿನ ಮಧ್ಯಾಹ್ನ ಮೂರರಿಂದ ಐದರವರೆಗೆ ಯಾವ ಕ್ಲಬ್ಬಿನ ಸೆಕ್ರೆಟರಿಯೂ ಫೋನ್ ಎತ್ತುವುದಿಲ್ಲ. ಮ್ಯಾನೇಜರ್ ಬ್ಯುಸಿ. ಗೋಲ್‌ಕೀಪರನ ಸೋದರಮಾವ ಎತ್ತುತ್ತಾರೆ, ಆದರೆ ಅವರೂ ಹೊರಗಡೆಯೇ ನಿಂತು ಪಾಸಣ್ಣನಿಗೆ ಫೋನ್ ಮಾಡಬೇಕೆಂದಿದ್ದರಂತೆ. ಹಿಂದೆ ಸಾಲು ಬೆಳೆಯುತ್ತದೆ. ಐವತ್ತರ ನೋಟು ಹಿಡಿದು ನಿಂತಿದ್ದ ನಾಲ್ಕು ಕಾಲೇಜು ಹುಡುಗರು ಗಡಿಯಾರ ನೋಡಿ, ಪಕ್ಕದ ಗರುಡಾ ಮಾಲ್ ಕಡೆ ತಿರುಗುತ್ತಾರೆ. ಕೊನೆಗೆ ಒಳಗಿನಿಂದ ಖಜಾಂಚಿಯೇ ಓಡಿ ಬಂದು, "ಬಿಡಪ್ಪಾ, ನಮ್ಮವರೇ" ಅನ್ನುತ್ತಾರೆ. ಪಾಸಣ್ಣ ಒಳಗೆ ಬರುತ್ತಾರೆ. ಕ್ಲಬ್ಬಿಗೆ ಇನ್ನೂರೈವತ್ತು ನಷ್ಟ.

ಒಳಗೆ ಬಂದವರು ನೇರ ಹೋಗುವುದು ಬಿಳಿ ಬಟ್ಟೆ ಹಾಸಿದ ಕುರ್ಚಿಗಳ ಕಡೆಗೆ. ಅವು ಶಾಸಕರ ಆಪ್ತ ಸಹಾಯಕರಿಗೆ, ಠಾಣೆಯವರಿಗೆ, ಜೆರ್ಸಿಯ ಮೇಲೆ ಹೆಸರು ಹಾಕಿಸಿಕೊಂಡ ಜಾಹೀರಾತಿನವರಿಗೆ ಮೀಸಲು. ಪಾಸ್ ತೆಗೆದುಕೊಂಡು ಬಾರದಿರುವುದೇ ದೊಡ್ಡವರ ಲಕ್ಷಣವಾದ್ದರಿಂದ ಆ ಕುರ್ಚಿಗಳು ಯಾವಾಗಲೂ ಖಾಲಿ. ಇದನ್ನು ಕಂಡುಹಿಡಿದವರು ಪಾಸಣ್ಣ. ಮೊದಲ ಸಾಲಿನಲ್ಲಿ ಕೂತು ಚೀಲದಿಂದ ಕಡಲೇಕಾಯಿ ತೆಗೆಯುತ್ತಾರೆ.

ಅವರ ನಿಜವಾದ ಪಾಂಡಿತ್ಯವಿರುವುದು ಟಿಕೆಟ್ ದರದಲ್ಲಿ. ತಾವು ಕೊಡದ ದುಡ್ಡಿನ ಬಗ್ಗೆ ಇಷ್ಟು ತಿಳಿದುಕೊಂಡಿರುವ ಇನ್ನೊಬ್ಬರನ್ನು ನಾನು ಕಂಡಿಲ್ಲ (ಆದಾಯ ತೆರಿಗೆಯ ಬಗ್ಗೆ ಮಾತಾಡುವ ಕೆಲವರನ್ನು ಬಿಟ್ಟರೆ). ಜರ್ಮನಿಯ ಕ್ಲಬ್ಬುಗಳಲ್ಲಿ ಅರ್ಧಕ್ಕಿಂತ ಒಂದು ವೋಟು ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮ, ಅಲ್ಲಿ ನಿಂತು ನೋಡುವವರಿಗೆ ಅಗ್ಗದ ಟಿಕೆಟ್ಟು, ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಹೊರ ಊರಿನಿಂದ ಬರುವ ಅಭಿಮಾನಿಗೆ 30 ಪೌಂಡಿನ ಮಿತಿ, ಎಲ್ಲವೂ ಬಾಯಿಪಾಠ. ಒಂದು ಸಲ ವಿರಾಮದಲ್ಲಿ ಲಿವರ್‌ಪೂಲಿನ ಕಥೆ ತೆಗೆದರು. 2016ರಲ್ಲಿ ಅಲ್ಲಿನ ಮಾಲೀಕರು ಹೊಸ ಸ್ಟ್ಯಾಂಡಿನ ದುಬಾರಿ ಟಿಕೆಟ್ಟಿಗೆ 77 ಪೌಂಡ್ ಎಂದರು. ಫೆಬ್ರವರಿಯಲ್ಲಿ ಸಂಡರ್‌ಲ್ಯಾಂಡ್ ಮೇಲಿನ ಪಂದ್ಯ ನಡೆಯುವಾಗ, ಸರಿಯಾಗಿ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರನಡೆದರು. ಅಷ್ಟರಲ್ಲಿ ಲಿವರ್‌ಪೂಲ್ 2-0 ಮುಂದಿತ್ತು. ಜನ ಹೋದ ಮೇಲೆ ಎರಡು ಗೋಲು ಬಿಟ್ಟುಕೊಟ್ಟು ಪಂದ್ಯ ಡ್ರಾ ಆಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಬೆಲೆ ಇಳಿಸಿದರು.

"ಅದು ಸ್ವಾಮಿ ಅಭಿಮಾನ ಅಂದ್ರೆ!" ಪಾಸಣ್ಣ ಕಡಲೇಕಾಯಿ ಸಿಪ್ಪೆ ಕೊಡವಿಕೊಂಡು ಎದ್ದು ನಿಂತರು. "ಐವತ್ತು ರೂಪಾಯಿ ಇಟ್ಟಿದ್ದಾರೆ ಇಲ್ಲಿ. ಬಡವರು ಎಲ್ಲಿಗೆ ಹೋಗ್ಬೇಕು? ನಾವೂ ಐವತ್ತನೇ ನಿಮಿಷಕ್ಕೆ ಎದ್ದು ಹೋಗೋಣ!"

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: "ಅಣ್ಣಾ, ನೀವು ಪಾಸಿನಲ್ಲಿ ಬಂದೋರು. ನೀವು ಸೊನ್ನೆ ನಿಮಿಷಕ್ಕೇ ಹೋಗ್ಬೇಕಿತ್ತಲ್ವಾ?"

ಆ ಹುಡುಗನ ಜೊತೆ ಪಾಸಣ್ಣ ಆ ಸೀಸನ್ ಪೂರ್ತಿ ಮಾತು ಬಿಟ್ಟರು.

ಇಷ್ಟು ಕೇಳಿದವರು ಇವರು ಜುಗ್ಗರು ಅಂದುಕೊಂಡಾರು. ಅಲ್ಲ. ಮನೆಯಿಂದ ಸ್ಟೇಡಿಯಮ್ಮಿಗೆ ಆಟೋದಲ್ಲಿ ಬರುತ್ತಾರೆ, ಮೀಟರಿನ ಮೇಲೆ ಇಪ್ಪತ್ತು ಹೆಚ್ಚಿಗೆ ಕೊಟ್ಟು. ವಿರಾಮದಲ್ಲಿ ಸುತ್ತಮುತ್ತಲಿನ ಆರೇಳು ಜನಕ್ಕೆ ಟೀ, ಎಗ್ ಪಫ್ಸ್ ಅವರದೇ. ನಡುರಾತ್ರಿ ಎದ್ದು ಚಾಂಪಿಯನ್ಸ್ ಲೀಗ್ ನೋಡಲು ದುಡ್ಡು ಕಟ್ಟಿದ್ದಾರೆ. ಮೈಮೇಲಿರುವ ಮ್ಯಾಂಚೆಸ್ಟರಿನ ಕೆಂಪು ಜೆರ್ಸಿ ಅಸಲಿ. ಕಳೆದ ಸೀಸನ್ನಿನಲ್ಲಿ ನಮ್ಮ ಕ್ಲಬ್ಬಿನ ಹದಿನೇಳರ ವಿಂಗರ್ ಹುಡುಗ ಬಲಗಡೆಯಿಂದ ಇಬ್ಬರನ್ನು ದಾಟಿಕೊಂಡು ಬಂದು ಗೋಲು ಹೊಡೆದ. ಪಂದ್ಯ ಮುಗಿದ ಮೇಲೆ ಪಾಸಣ್ಣ ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ಕಾದಿದ್ದು, ನಾಲ್ಕು ಮಡಿಕೆ ಮಾಡಿದ ಐನೂರರ ನೋಟನ್ನು ಅವನ ಸಾಕ್ಸಿನೊಳಗೆ ತುರುಕಿ, "ಮೊಟ್ಟೆ ತಿನ್ನು. ಮೊಬೈಲಿಗೆ ಹಾಕ್ಬೇಡ" ಅಂದರು. ಆ ಹುಡುಗ ಇರುವ ಓಣಿ, ಅವನ ಅಪ್ಪನ ಕೆಲಸ, ಯಾವ ಮೊಣಕಾಲು ನೋಯುತ್ತದೆ, ಎಲ್ಲ ಅವರಿಗೆ ಗೊತ್ತು. ಮಳೆ ಹನಿದರೆ ಟಿಕೆಟ್ ಕೊಂಡವರು ಸೂರಿನಡಿಗೆ ಓಡುತ್ತಾರೆ. ಪಾಸಣ್ಣ ಕೊಡೆ ಬಿಚ್ಚಿ ಅಲ್ಲೇ ಕೂತು ಲೈನ್ಸ್‌ಮನ್ನನ್ನು ತಮಿಳಿನಲ್ಲಿ, ರೆಫರಿಯನ್ನು ದಖ್ಖನಿಯಲ್ಲಿ, ನಮ್ಮ ಕೋಚನ್ನು ಕನ್ನಡದಲ್ಲಿ ಬೈಯುತ್ತಾರೆ.

2018ರಲ್ಲಿ ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿದಾಗ ನೋಡಲು ಬಂದವರು 2,569 ಜನ. ಸುನಿಲ್ ಛೆಟ್ರಿ ವಿಡಿಯೋ ಮಾಡಿ, ಬೈಯುವುದಿದ್ದರೂ ಸ್ಟೇಡಿಯಮ್ಮಿಗೇ ಬಂದು ಬೈಯಿರಿ ಎಂದು ಬೇಡಿಕೊಂಡರು. ಮುಂದಿನ ಕೀನ್ಯಾ ಪಂದ್ಯಕ್ಕೆ ಟಿಕೆಟ್ಟೆಲ್ಲ ಮಾರಿಹೋಯಿತು. ಆ ವಿಡಿಯೋವನ್ನು ಪಾಸಣ್ಣ ತಮ್ಮ ಎಲ್ಲ ವಾಟ್ಸಾಪ್ ಗುಂಪಿಗೂ ಕಳಿಸಿದರು. ಕೆಳಗೆ ಬರೆದರು: 'ಮನೆಯಲ್ಲಿ ಕೂರಬೇಡಿ, ಲೋಕಲ್ ಫುಟ್‌ಬಾಲ್ ಉಳಿಸಿ.' ಹತ್ತು ನಿಮಿಷ ಬಿಟ್ಟು ಕ್ಲಬ್ಬಿನ ಸೆಕ್ರೆಟರಿಗೆ ಬೇರೆ ಮೆಸೇಜು: 'ಭಾನುವಾರಕ್ಕೆ ನಾಲ್ಕು ಪಾಸ್.'

ಇವರಿಗೆ ಅರ್ಥವೇ ಆಗದ ಜಾತಿಯೊಂದು 2013ರಲ್ಲಿ ಇದೇ ಸ್ಟೇಡಿಯಮ್ಮಿಗೆ ಬಂದಿತ್ತು. ಆ ವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಐ-ಲೀಗ್ ಸೀಸನ್ನನ್ನು ಇಲ್ಲೇ ಆಡಿ, ಬಂದ ವರ್ಷವೇ ಚಾಂಪಿಯನ್ ಆಯಿತು, ಆಮೇಲೆ ಕಂಠೀರವಕ್ಕೆ ಹೋಯಿತು. ಅದರ ಹಿಂದೆ ಬಂದ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಹುಡುಗರು ಟಿಕೆಟ್ ಕೊಂಡು, ಕುರ್ಚಿಯನ್ನೇ ಮುಟ್ಟದೆ ತೊಂಬತ್ತು ನಿಮಿಷವೂ ನಿಂತುಕೊಂಡು ಹಾಡುತ್ತಿದ್ದರು. ಪಾಸಣ್ಣ ತುಂಬ ಹೊತ್ತು ನೋಡಿ ಪಕ್ಕದವರಿಗೆ ಅಂದರಂತೆ: "ದುಡ್ಡೂ ಕೊಟ್ಟು ನಿಂತ್ಕೊಂಡೂ ನೋಡೋದಾ? ಒಳ್ಳೆ ಮನೆ ಮಕ್ಕಳ ಥರ ಕಾಣ್ತಾರೆ."

ನಮ್ಮ ಕ್ಲಬ್ಬಿನ ಖಜಾಂಚಿ ಲೆಕ್ಕದ ಮನುಷ್ಯ. ಮುನ್ನೂರು ಜನ ಬಂದರೆ ದುಡ್ಡು ಕೊಟ್ಟವರು ನೂರು. ಆ ಐದು ಸಾವಿರದಲ್ಲಿ ರೆಫರಿಗಳು, ಆಂಬ್ಯುಲೆನ್ಸು, ಮೈದಾನದ ಬಾಡಿಗೆ, ನೀರಿನ ಕ್ಯಾನು, ಬಾಲ್ ಬಾಯ್‌ಗಳ ಬನ್ನು ಬಾಳೆಹಣ್ಣು ಎಲ್ಲ ಆಗಬೇಕು. ಆಂಬ್ಯುಲೆನ್ಸಿಗೆ ಕೊಡುವಷ್ಟರಲ್ಲೇ ಡಬ್ಬಿ ಖಾಲಿ. ದರ ಇಳಿಸಿ ನೋಡಿದರು, ಜನ ಹೆಚ್ಚಲಿಲ್ಲ. ಕೊನೆಗೆ ಬೇಸತ್ತು ಒಂದು ಪಂದ್ಯಕ್ಕೆ ಪ್ರವೇಶ ಉಚಿತ ಎಂದು ಬೋರ್ಡು ಹಾಕಿಸಿದರು. ಗೇಟು ಪೂರ್ತಿ ತೆರೆದಿತ್ತು. ಬರುವ ಹೋಗುವವರು, ಮಾಲಿಗೆ ಬಂದವರು, ಐಸ್‌ಕ್ರೀಮ್ ತಿನ್ನುತ್ತಿದ್ದ ಮಕ್ಕಳು ಎಲ್ಲ ಬಂದು ಕೂತರು. ಬಿಳಿ ಬಟ್ಟೆಯ ಕುರ್ಚಿಗಳೂ ತುಂಬಿದವು.

ಪಾಸಣ್ಣ ಮಾತ್ರ ಬರಲಿಲ್ಲ.

ಮೈಗೆ ಹುಷಾರಿಲ್ಲವೇನೋ ಎಂದು ಖಜಾಂಚಿ ಮಾರನೆಯ ದಿನ ಮನೆಗೇ ಹೋದರು. ಪಾಸಣ್ಣ ಗಿಡಕ್ಕೆ ನೀರು ಹಾಕುತ್ತಿದ್ದರು. ಮುಖ ಗಂಟು.

"ಯಾಕೆ ಸಾರ್ ಬರಲಿಲ್ಲ? ಫ್ರೀ ಇತ್ತಲ್ಲ."

"ಫ್ರೀ ಅಂದ್ರೆ? ದಾರಿಹೋಕರೆಲ್ಲ ಹೋಗ್ತಾರೆ ಅಂತ ನಾನೂ ಹೋಗ್ಲಾ? ನನಗೂ ಅವರಿಗೂ ಏನ್ರೀ ವ್ಯತ್ಯಾಸ?"

ಖಜಾಂಚಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದು ಬಂದರು. ಐವತ್ತು ರೂಪಾಯಿ ಉಳಿಸಲು ಈ ಮನುಷ್ಯ ಇಷ್ಟು ವರ್ಷ ಜಗಳವಾಡುತ್ತಿಲ್ಲ, 'ಬಿಡಪ್ಪಾ, ನಮ್ಮವರೇ' ಎಂಬ ಒಂದು ಮಾತನ್ನು ನಾಲ್ಕು ಜನರೆದುರು ಕೇಳಿಸಿಕೊಳ್ಳಲು ಆಡುತ್ತಿದ್ದಾರೆ ಎಂಬುದು ಅವರಿಗೆ ಆ ಕಾಫಿಯ ಹೊತ್ತಿನಲ್ಲಿ ಹೊಳೆಯಿತು. ಲೆಕ್ಕದ ಮನುಷ್ಯರಿಗೆ ಇಂಥದು ಹೊಳೆಯುವುದು ತಡ. ಹೊಳೆದ ಮೇಲೆ ಅದಕ್ಕೊಂದು ರೇಟು ಕಟ್ಟುವುದು ತಡವಾಗುವುದಿಲ್ಲ.

ಮುಂದಿನ ಸೀಸನ್ನಿಗೆ ಕ್ಲಬ್ಬು 'ಗೌರವ ಪೋಷಕರು' ಎಂಬ ಕಾರ್ಡು ತಂದಿತು. ಫೋಟೋ, ಕ್ಲಬ್ಬಿನ ಲಾಂಛನ, ಕತ್ತಿಗೆ ಹಾಕಿಕೊಳ್ಳುವ ನೀಲಿ ಪಟ್ಟಿ. ತವರಿನ ಪಂದ್ಯಗಳು ಏಳು. ಗೇಟಿನಲ್ಲಿ ಕೊಂಡರೆ 350 ರೂಪಾಯಿ. ಕಾರ್ಡಿನ ಬೆಲೆ 1,500. ಸೆಕ್ರೆಟರಿ ನಕ್ಕರು: "ಮುನ್ನೂರೈವತ್ತರ ಸಾಮಾನಿಗೆ ಸಾವಿರದೈನೂರು ಯಾರ್ರೀ ಕೊಡ್ತಾರೆ?"

ಮೊದಲ ದಿನವೇ ಪಾಸಣ್ಣ ಬಂದು ಮೂರು ಐನೂರರ ನೋಟನ್ನು ಮೇಜಿನ ಮೇಲಿಟ್ಟರು. ಚೌಕಾಸಿ ಮಾಡಲಿಲ್ಲ, ರಸೀದಿ ಕೇಳಲಿಲ್ಲ. ಕಾರ್ಡಿನ ನಂಬರು ಒಂದು ಎಂದು ಗೊತ್ತಾದಾಗ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ಸಂಜೆಯೊಳಗೆ ಆಸ್ಟಿನ್ ಟೌನಿನವರೂ ಗೌತಮಪುರದವರೂ ಬಂದು ತಮಗೆ ಯಾಕೆ ನಂಬರ್ ಒಂದು ಸಿಗಲಿಲ್ಲ ಎಂದು ಜಗಳ ತೆಗೆದು, ಎರಡು ಮೂರನ್ನು ಕೊಂಡು ಹೋದರು. ಡಬ್ಬಿಯಲ್ಲಿ ಮೊದಲ ಸಲ ಐವತ್ತರ ನೋಟಿನ ಬದಲು ಐನೂರರ ನೋಟು ಸೇರಿತು.

ಪಾಸಣ್ಣ ಪಟ್ಟಿಯನ್ನು ಕತ್ತಿಗೆ ಹಾಕಿಕೊಂಡು ಬಾಗಿಲವರೆಗೆ ಹೋದವರು ತಿರುಗಿ ಬಂದರು.

"ಅಂದ ಹಾಗೆ, ಈ ಕಾರ್ಡಿನ ಮೇಲೆ ಎಷ್ಟು ಪಾಸ್ ಕೊಡ್ತೀರಿ?"

ಖಜಾಂಚಿ ಮಾತಾಡದೆ ಜೇಬಿನಿಂದ ಎರಡು ಪಾಸ್ ತೆಗೆದುಕೊಟ್ಟರು. "ನಿಮ್ಮ ಭಾವಮೈದ, ಅವರ ಮಗ. ಸಾವಿರದೈನೂರು ಅಂತ ಇಟ್ಟಾಗಲೇ ಅವರಿಬ್ಬರನ್ನೂ ಸೇರಿಸಿದ್ದೀನಿ ಸಾರ್."

ಪಾಸಣ್ಣನಿಗೆ ಅದು ಕೇಳಿಸಲಿಲ್ಲ. ಅವರು ಕಾರ್ಡನ್ನು ಬೆಳಕಿಗೆ ಹಿಡಿದು ತಮ್ಮ ಹೆಸರನ್ನೇ ನೋಡುತ್ತಿದ್ದರು.

"ಹೆಸರಿನ ಹಿಂದೆ 'ಶ್ರೀ' ಬಿಟ್ಟಿದ್ದೀರಲ್ರೀ. ಇನ್ನೊಂದು ಮಾಡಿಸಿ. ಈ ತಪ್ಪಿಗೆ ನಾನು ದುಡ್ಡು ಕೊಡಲ್ಲ, ಈಗಲೇ ಹೇಳಿದ್ದೀನಿ."