ಫೋನೆತ್ತಿ ನೋಡುವ ಮಹಾಶಯರು

ವರ್ಧಿತ ವಾಸ್ತವವೆಂದರೆ ಫೋನಿನ ಕ್ಯಾಮೆರಾದಲ್ಲಿ ಕಾಣುವ ನಿಜ ದೃಶ್ಯದ ಮೇಲೆ ಬಾಣ, ಹೆಸರು, ಗೊಂಬೆ ಮುಂತಾದ ಕೃತಕ ಚಿತ್ರಗಳನ್ನು ಆ ಕ್ಷಣದಲ್ಲೇ, ಸರಿಯಾದ ಜಾಗಕ್ಕೇ ಹೊಂದಿಸಿ ತೋರಿಸುವ ತಂತ್ರ. ಇದು ಆಟಕ್ಕೆ ಒಗ್ಗುವುದೋ ದಿನಬಳಕೆಯ ಮಾಹಿತಿಗೋ ಎಂಬ ಚರ್ಚೆ ಎಲ್ಲೆಡೆ ನಡೆದಿರುವಾಗಲೇ, ಅದನ್ನು ಮಾಹಿತಿಯ ಪರವಾಗಿ ತೀರ್ಮಾನಿಸಿಬಿಟ್ಟ ಒಂದು ಬಗೆಯ ಮಹಾಶಯರು ರಾಮನಗರದ ಸೀಮೆಯಲ್ಲಿದ್ದಾರೆ. ವಾರವೆಲ್ಲ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಇವರು, ಭಾನುವಾರ ಬಂತೆಂದರೆ ಹುಟ್ಟಿದೂರನ್ನೇ ಫೋನೆತ್ತಿ ಹೊಸದಾಗಿ ನೋಡಲು ಹೊರಡುತ್ತಾರೆ. ಪವರ್‌ಬ್ಯಾಂಕ್ ಹೊರಲು ಜೊತೆಗೊಬ್ಬ ಸ್ನೇಹಿತ ಬೇಕಾಗುತ್ತಾನೆ. ಅಂಥ ಸ್ನೇಹಿತರು ಸಾಮಾನ್ಯವಾಗಿ ಪ್ರಬಂಧ ಬರೆಯುವಷ್ಟು ಬಿಡುವುಳ್ಳವರೇ ಆಗಿರುತ್ತಾರೆ.

ಮಹಾಶಯರ ಪ್ರತಿಭೆ ಪೂರ್ತಿ ಬೆಳಗುವುದು ಚನ್ನಪಟ್ಟಣದಲ್ಲಿ. ನಡೆದು ಹೋಗುವವರಿಗೆ ಪರದೆಯ ಮೇಲೆ ಬಾಣದ ಗುರುತಿನಿಂದ ದಾರಿ ತೋರುವ ಸೌಲಭ್ಯವು, ಎದುರಿನ ಕಟ್ಟಡಗಳನ್ನು ಮೊದಲೇ ತೆಗೆದಿಟ್ಟ ರಸ್ತೆಚಿತ್ರಗಳೊಡನೆ ಹೋಲಿಸಿದ ಮೇಲಷ್ಟೇ ತಾನು ನಿಂತ ಜಾಗವನ್ನು ಅರಿಯಬಲ್ಲದು. ಆ ಕಟ್ಟಡಗಳನ್ನೋ ಒಮ್ಮೆ ಹಬ್ಬದ ಫ್ಲೆಕ್ಸುಗಳು ಮುಚ್ಚಿದ್ದವು. ಹಳೆಯ ಮೈಸೂರು ರಸ್ತೆಯ ಅಂಚಿನಲ್ಲಿ, ಲಾರಿಗಳ ಹಾರನ್ನಿಗೂ ಜಗ್ಗದೆ, ಆರತಿ ಎತ್ತಿದಂತೆ ಫೋನನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಗೊಂಬೆ ಅಂಗಡಿಯನ್ನು ಹುಡುಕುತ್ತಿದ್ದ ಒಬ್ಬರಿಗೆ, ಅವರ ಬೆನ್ನ ಹಿಂದೆಯೇ ಆಲೆಮರದ ಕುದುರೆಗಳ ನಡುವೆ ಕುಳಿತಿದ್ದ ಅಂಗಡಿಯಾತ, ಬಹಳ ಹೊತ್ತು ನೋಡಿ, “ಸ್ವಾಮೀ, ಒಸಿ ಹಿಂದಕ್ಕೆ ತಿರುಗಿ” ಎಂದದ್ದುಂಟು. ಅವರು ತಿರುಗಿದರು, ಎತ್ತಿದ ಫೋನಿನ ಸಮೇತ.

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ಗೂಡನ್ನು ಕಿವಿಯ ಬಳಿ ಅಲುಗಿಸಿಯೇ ಗುಣ ಹೇಳುವಾಗ, ಇವರ ಫೋನು ಅದು ರೇಷ್ಮೆಗೂಡೆಂದು ಘೋಷಿಸುತ್ತದೆ. ಮಾಗಡಿಯ ಕಡೆ ಫೋನೆತ್ತಿದರೆ 1226 ಮೀಟರ್ ಎತ್ತರದ ಬೆಟ್ಟದ ಮೇಲೆ ಸಾವನದುರ್ಗವೆಂಬ ಒಂದೇ ಹೆಸರು ಮೂಡುತ್ತದೆ. ಅದರಲ್ಲಿ ಕರಿಗುಡ್ಡ ಯಾವುದು, ಬಿಳಿಗುಡ್ಡ ಯಾವುದು ಎಂಬುದನ್ನು ದನ ಕಾಯುವ ಅಜ್ಜಿಯೇ ಹೇಳಬೇಕು. ಕನಕಪುರ ದಾಟಿ ಸಂಗಮದ ಕಾಡಿಗೆ ಹೊರಟರಂತೂ ಸಿಗ್ನಲ್ ಕೈಕೊಟ್ಟು ಮಹಾಶಯರು ಮಂಕಾಗುತ್ತಾರೆ. ಪಾಪ, ಆಗ ಅವರನ್ನು ಕಂಡರೆ ಕರುಣೆಯೇ ಬರುತ್ತದೆ.

ಇವರೇ ಆಟಕ್ಕಿಳಿದಾಗ ಮಾತ್ರ ಬೇರೆಯೇ ಮನುಷ್ಯರು. 2016ರಲ್ಲಿ ಜಗತ್ತನ್ನೇ ಬೀದಿಗಿಳಿಸಿದ ಪೋಕೆಮಾನ್ ಗೋ ಆಟದಲ್ಲಿ, ದೇವಸ್ಥಾನ, ಪ್ರತಿಮೆಗಳಂಥ ನಿಜವಾದ ತಾಣಗಳ ಹತ್ತಿರಕ್ಕೆ ತಾವೇ ಹೋಗಬೇಕು, ಮೊಟ್ಟೆ ಒಡೆದು ಮರಿಯಾಗಬೇಕಾದರೂ ಕಿಲೋಮೀಟರುಗಟ್ಟಲೆ ನಡೆಯಬೇಕು. 1975ರಲ್ಲಿ ತೆರೆಕಂಡ ಶೋಲೆಯ ಚಿತ್ರೀಕರಣ ತಮ್ಮೂರಿನಲ್ಲೇ ನಡೆಯಿತೆಂದು ಬೆಂಗಳೂರಿನವರ ಮುಂದೆ ಮೆರೆಯುತ್ತಿದ್ದವರು, 2012ರಲ್ಲಿ ರಣಹದ್ದುಧಾಮವಾದ ರಾಮದೇವರ ಬೆಟ್ಟವನ್ನು ಮೊದಲ ಬಾರಿ ಹತ್ತಿದ್ದು, ಅಕ್ಕನ ಮಗನ ಜೊತೆ, ಈ ಆಟದ ನೆಪದಲ್ಲಿ. ಮಾಹಿತಿ ಇವರನ್ನು ರಸ್ತೆಯಲ್ಲೇ ನಿಲ್ಲಿಸುತ್ತದೆ, ಆಟವಾದರೋ ನಡೆಸುತ್ತದೆ; ಹಿಂದೆ ಮಕ್ಕಳನ್ನು ಬೆಟ್ಟ ಹತ್ತಿಸುವುದಕ್ಕೆ ತಾತ ಒಬ್ಬ ಸಾಕಾಗುತ್ತಿದ್ದ.

ಮಹಾಶಯರು ಇದನ್ನು ಒಪ್ಪುವುದಿಲ್ಲ. ಬುಗುರಿಯ ಮೇಲೆ ಫೋನ್ ಹಿಡಿದರೆ ಅದರ ಮರ, ಬಣ್ಣ, ಚರಿತ್ರೆಯೆಲ್ಲ ಪರದೆಯಲ್ಲಿ ಮೂಡುವಂತೆ ಮಾಡಬಹುದೆಂದು ಅವರು ಚನ್ನಪಟ್ಟಣದ ಕುಶಲಕರ್ಮಿಯೊಬ್ಬನಿಗೆ ವಿವರಿಸಿದಾಗ, “ದಾರ ಸುತ್ತೋಕೇ ಎರಡು ಕೈ ಬೇಕಲ್ಲಾ ಸ್ವಾಮೀ, ಫೋನ್ ಯಾರು ಹಿಡ್ಕತಾರೆ?” ಎಂದು ಆತ ಕೇಳಿದ. ಅದಕ್ಕೆಂದೇ ಕನ್ನಡಕಗಳು ಬರುತ್ತಿವೆಯೆಂದು ಮಹಾಶಯರು ಮತ್ತೆ ಶುರುಮಾಡಿದರು. ಆ ವಿವರಣೆ ಮುಗಿಯುವಷ್ಟರಲ್ಲಿ ಆತ ಇನ್ನೆರಡು ಬುಗುರಿಗೆ ಅರಗು ಹಚ್ಚಿ ಮುಗಿಸಿದ್ದ.