ಮೊಲಬೇಟೆ ಮೀಮಾಂಸೆ: ಸಿಂಗಟಗೆರೆ ಶಾಖೆ

ಬಿ. ಎಲ್. ರೈಸ್ ಸಾಹೇಬರು 1901ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟ ಕಡೂರು ಜಿಲ್ಲೆಯ ಶಾಸನಗಳಿಗೇ ಮೀಸಲು. ಅಂದಿನ ಕಡೂರು ಜಿಲ್ಲೆಯೇ ಇಂದಿನ ಚಿಕ್ಕಮಗಳೂರು ಎಂಬುದು ತಿಳಿದ ಸಂಗತಿ. ಆ ಸಂಪುಟದಲ್ಲಿ ಕಾದಿ ಸತ್ತವರಿದ್ದಾರೆ, ದತ್ತಿ ಬಿಟ್ಟವರಿದ್ದಾರೆ, ಬಿಟ್ಟ ದತ್ತಿಗೆ ಅಳುಪಿದವರಿಗೆ ಶಾಪವೂ ಇದೆ. ಟೀವಿಯ ಮುಂದೆ ನಿಂತು ಕೈ ಬೀಸಿ ಮೊಲಗಳಿಗೆ ಗುರಿಯಿಡುವ ಆಟದ ಪ್ರಸ್ತಾಪ ಮಾತ್ರ ಎಲ್ಲೂ ಇಲ್ಲ. ಈ ಕೊರತೆಯನ್ನು ಇದುವರೆಗೆ ಯಾವ ವಿದ್ವಾಂಸರೂ ಎತ್ತಿ ಆಡಿಲ್ಲ. ಶಾಸನದಲ್ಲಿ ಇಲ್ಲದ್ದನ್ನು ಊಹೆಯಿಂದ ತುಂಬಿಸುವ ಉಜ್ವಲ ಪರಂಪರೆ ನಮ್ಮಲ್ಲಿ ಇರುವುದರಿಂದ ಪ್ರಸ್ತುತ ಪ್ರಬಂಧಕ್ಕೆ ಅದೇ ಆಧಾರ.

ಗುರಿವಿದ್ಯೆಯಲ್ಲಿ ಮಾರ್ಗವೆಂದೂ ದೇಸಿಯೆಂದೂ ಎರಡು ಪಂಥಗಳು. ಮಾರ್ಗದವರಿಗೆ ಪುರಾಣವೇ ಪ್ರಮಾಣ. ದಶರಥ ಸದ್ದು ಕೇಳಿ ಬಾಣ ಬಿಟ್ಟ, ಅರ್ಜುನ ಕೆಳಗಿನ ನೀರು ನೋಡಿ ಮೇಲಿನ ಮೀನಿಗೆ ಬಿಟ್ಟ. ಇಬ್ಬರೂ ಹೊಡೆಯಬೇಕಾದ್ದನ್ನು ನೆಟ್ಟಗೆ ನೋಡಿದವರಲ್ಲ. ಇದನ್ನು ಓದುಗರು ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಳ್ಳಬೇಕು, ಮುಂದೆ ಬಿಚ್ಚುವ ಸಂದರ್ಭವಿದೆ. ದೇಸಿಯವರ ಪ್ರಮಾಣ ಕಡೂರು ತಾಲ್ಲೂಕಿನ ಸಿಂಗಟಗೆರೆ ಸುತ್ತಿನ ಹೊಲ. ಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ಅಟ್ಟಣೆ ಹತ್ತಿ ಕವಣೆ ಬೀಸುತ್ತಿದ್ದ ಕಾಲವೊಂದಿತ್ತು. ಹುರಿಯ ಒಂದು ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಮುಷ್ಟಿಯಲ್ಲಿ, ನಡುವಿನ ಜಾಳಿಗೆಯಲ್ಲಿ ಕಲ್ಲು. ತಲೆಯ ಮೇಲೆ ಗಿರ್ರನೆ ತಿರುಗಿಸಿ ಮುಷ್ಟಿ ಸಡಿಲಿಸಿದರೆ ಕಲ್ಲು ಹಾರುತ್ತದೆ, ಹುರಿ ಚಟೀರ್ ಎನ್ನುತ್ತದೆ. ಗಿಳಿಗಳು ಹೆದರುತ್ತಿದ್ದುದು ಆ ಚಟೀರಿಗೆ. ಕಲ್ಲು ಸಾಮಾನ್ಯವಾಗಿ ಪಕ್ಕದವರ ಹೊಲಕ್ಕೆ ಹೋಗುತ್ತಿತ್ತು. ದೇಸಿಯ ಕಿರಿಯ ಉಪಶಾಖೆ ಜಾತ್ರೆಯ ಬಲೂನು ಬಂದೂಕು. ಪಾನಕದ ಗಾಡಿ ಓಡುವ ಅಂತರಘಟ್ಟೆ ದುರ್ಗಾಂಬಾ ಜಾತ್ರೆಯಂಥ ಜಾತ್ರೆ ಇದ್ದಲ್ಲೆಲ್ಲ ಅದಿದೆ. ಆ ಬಂದೂಕಿನ ಗುರಿಮಣಿಯನ್ನು ಅಂಗಡಿಯವನೇ ಸ್ವಲ್ಪ ಸೊಟ್ಟ ಮಾಡಿಟ್ಟಿರುತ್ತಾನೆ ಎಂಬುದು ಸೋತವರೆಲ್ಲರ ಏಕಾಭಿಪ್ರಾಯ. ಗೆದ್ದವರು ಈ ಬಗ್ಗೆ ಏನೂ ಹೇಳಿದ ದಾಖಲೆಯಿಲ್ಲ.

ಇನ್ನು ನಿಜವಾದ ಮೊಲದ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಬೇಟೆಯನ್ನು ನಿಷೇಧಿಸಿದೆ. ಕಡೂರು ತಾಲ್ಲೂಕಿನದೇ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ ಮೇಲೆ ಅಲ್ಲಿನ ಕೃಷ್ಣಮೃಗಗಳಿಗೂ ಸರ್ಕಾರಿ ಅಭಯವಿದೆ. ಹೀಗಾಗಿ ಸಿಂಗಟಗೆರೆ ಹೋಬಳಿಯಲ್ಲಿ ಕಾನೂನಿಗೆ ಹೆದರದೆ ಬೇಟೆಯಾಡಬಹುದಾದ ಮೊಲ ಇರುವ ಜಾಗ ಒಂದೇ, ನಡುಮನೆಯ ಟೀವಿ.

ಆಕರಗ್ರಂಥಕ್ಕೆ ಬರುವ ಮೊದಲು ಅದರ ಪೂರ್ವಸೂರಿಗಳನ್ನು ನೆನೆಯುವುದು ಸಂಪ್ರದಾಯ. ಜಪಾನಿನ ಕ್ಯೋಟೊದಲ್ಲಿ 1889ರಲ್ಲಿ ಇಸ್ಪೀಟಿನಂಥ ಹೂವಿನ ಎಲೆಗಳನ್ನು ಮಾಡಿ ಮಾರಲು ಹುಟ್ಟಿದ ನಿಂಟೆಂಡೊ ಸಂಸ್ಥೆ 1984ರಲ್ಲಿ ‘ಡಕ್ ಹಂಟ್’ ಎಂಬ ಬಾತುಬೇಟೆಯನ್ನು ರಚಿಸಿತು. ಅದರ ಯಂತ್ರದ ನಕಲುಗಳು ಪ್ಲಾಸ್ಟಿಕ್ ಪಿಸ್ತೂಲಿನ ಸಮೇತ 1990ರ ದಶಕದಲ್ಲಿ ನಮ್ಮ ಪೇಟೆಗಳಿಗೂ ಬಂದವು. ಹುಲ್ಲಿನಿಂದ ಬಾತು ಹಾರುತ್ತದೆ, ಹೊಡೆಯಬೇಕು. ತಪ್ಪಿದರೆ ನಾಯಿಯೊಂದು ಎದ್ದು ನಿಂತು ಬಾಯಿಗೆ ಕಾಲು ಅಡ್ಡವಿಟ್ಟುಕೊಂಡು ಕಿಸಕ್ಕನೆ ನಗುತ್ತದೆ. ಇಲ್ಲೊಂದು ಮಹತ್ವದ ಪಾಠಾಂತರವಿದೆ. ಮನೆಯ ಪಾಠದಲ್ಲಿ ಆ ನಾಯಿಗೆ ಎಷ್ಟು ಗುಂಡು ಹೊಡೆದರೂ ಏನೂ ಆಗುವುದಿಲ್ಲ. ನಾಣ್ಯ ಹಾಕಿ ಆಡುವ ಅಂಗಡಿಯ ಪಾಠದಲ್ಲಿ, ಅದೂ ಬೋನಸ್ ಸುತ್ತಿನಲ್ಲಿ, ಹೊಡೆಯಬಹುದು. ದುಡ್ಡು ಕೊಟ್ಟವನಿಗೆ ಮಾತ್ರ ಸೇಡಿನ ಸೌಲಭ್ಯ ಎಂಬ ಈ ತತ್ತ್ವದ ಮೇಲೆ ಯಾರಾದರೂ ಪಿಎಚ್.ಡಿ. ಮಾಡಬೇಕು.

ಆದರೆ ಸಿದ್ಧಾಂತಕ್ಕೆ ಮುಖ್ಯವಾದದ್ದು ನಾಯಿಯಲ್ಲ, ಪಿಸ್ತೂಲು. ಅದರಿಂದ ಏನೂ ಹೊರಡುವುದಿಲ್ಲ. ಕುದುರೆ ಎಳೆದ ಕ್ಷಣ ಇಡೀ ಪರದೆ ಕಪ್ಪಾಗುತ್ತದೆ, ಮರುಕ್ಷಣ ಬಾತು ಇದ್ದ ಜಾಗದಲ್ಲಿ ಬಿಳಿಯ ಚೌಕವೊಂದು ಮಿಂಚಿ ಮಾಯವಾಗುತ್ತದೆ. ಕಣ್ಣು ರೆಪ್ಪೆ ಹೊಡೆಯುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ. ನಳಿಗೆಯೊಳಗೆ ಕೂತ ಬೆಳಕಿನ ಕಣ್ಣು ಆ ಬಿಳುಪನ್ನು ಕಂಡರೆ ಬಾತು ಸತ್ತಿತು, ಕಾಣದಿದ್ದರೆ ನಾಯಿ ನಕ್ಕಿತು. ಮೊದಲು ಕಪ್ಪಾಗಿಸುವುದು ಕಳ್ಳಾಟಕ್ಕೆ ಹಾಕಿದ ಬೇಲಿ: ಪಿಸ್ತೂಲನ್ನು ಬಲ್ಬಿಗೆ ಹಿಡಿದು ಬಾತು ಉರುಳಿಸಲು ಹೋದವನಿಗೆ ಕಪ್ಪಿನ ಪರೀಕ್ಷೆಯಲ್ಲೇ ಸೋಲು. ಎಂದರೆ ಈ ಪರಂಪರೆಯಲ್ಲಿ ಹೊಡೆಯುವುದು ಬಂದೂಕಲ್ಲ, ಬೇಟೆ. ಬಂದೂಕಿನದು ಬರೀ ನೋಡುವ ಕೆಲಸ. ದೇಸಿಯ ಕವಣೆಗೆ ಇದು ಪೂರ್ತಿ ತಿರುಗುಮುರುಗು.

ಈಗ ಆಕರಗ್ರಂಥ. 2006ರ ನವೆಂಬರಿನಲ್ಲಿ ನಿಂಟೆಂಡೊ ‘ವೀ’ ಎಂಬ ಯಂತ್ರವನ್ನು ಲೋಕಾರ್ಪಣೆ ಮಾಡಿತು. ಅದರ ಜೊತೆಜೊತೆಗೇ ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆಯ ‘ರೇಮನ್ ರೇವಿಂಗ್ ರ‍್ಯಾಬಿಡ್ಸ್’ ಬಂತು. ಕಥಾವಸ್ತು ಸರಳ. ರೇಮನ್ ಎಂಬ ನಾಯಕನಿಗೆ ತೋಳಿಲ್ಲ, ಕಾಲಿಲ್ಲ; ಅಂಗೈ ಪಾದಗಳು ಮಾತ್ರ ಮೈಯಿಂದ ದೂರ ತೇಲುತ್ತಿರುತ್ತವೆ. ತಿಂಡಿ ಕಟ್ಟಿಕೊಂಡು ಹೊರಸಂಚಾರಕ್ಕೆ ಹೋದ ಅವನನ್ನು ತಲೆಕೆಟ್ಟ ಬಿಳಿ ಮೊಲಗಳು ಎತ್ತಿಕೊಂಡು ಹೋಗಿ ಸೆರೆಯಲ್ಲಿಟ್ಟು ದಿನಕ್ಕಿಷ್ಟು ಪರೀಕ್ಷೆ ಒಡ್ಡುತ್ತವೆ. ಮೊಲಗಳ ಭಾಷೆಯಲ್ಲಿ ಒಂದೇ ಶಬ್ದವಿದೆ, ‘ಬ್ವಾ’. ಅದು ನಾಮಪದವೋ ಕ್ರಿಯಾಪದವೋ ಎಂಬುದನ್ನು ವೈಯಾಕರಣರಿಗೆ ಬಿಡೋಣ. ಆಯುಧ, ಸಿಂಕು ಕಟ್ಟಿಕೊಂಡಾಗ ಒತ್ತುವ ಕೋಲಿನ ತುದಿಯ ರಬ್ಬರ್ ಪಂಪು. ಅದನ್ನು ಹೊಡೆದರೆ ಮೊಲದ ಮುಖಕ್ಕೆ ಪಚಕ್ಕನೆ ಅಂಟಿಕೊಳ್ಳುತ್ತದೆ. ರಕ್ತವಿಲ್ಲ, ಸಾವಿಲ್ಲ, ಮರ್ಯಾದೆಯೂ ಇಲ್ಲ.

ಸಿಂಗಟಗೆರೆಯ ಒಂದು ತೊಟ್ಟಿಮನೆಗೆ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಮೊಮ್ಮಕ್ಕಳ ಚೀಲದಲ್ಲಿ ಈ ಗ್ರಂಥ ಬಂದಿಳಿದದ್ದರಿಂದ ನಮ್ಮ ಶಾಖೆ ಶುರುವಾಗುತ್ತದೆ. ಮೊದಲ ವ್ಯಾಖ್ಯಾನಕಾರರು ಆ ಮನೆಯ ದೊಡ್ಡಪ್ಪ. ಕೊಬ್ಬರಿ ಲೆಕ್ಕದ ಪುಸ್ತಕ ಮಡಚಿಟ್ಟು, ಪಂಚೆ ಎತ್ತಿ ಕಟ್ಟಿ, ರಿಮೋಟು ಹಿಡಿದರು. ಚಿಕ್ಕಂದಿನ ಕವಣೆಯ ಕೈ. ಮೊಲ ಕಂಡದ್ದೇ ತಡ, ತೋಳು ಹಿಂದಕ್ಕೆಳೆದು ಬೀಸಿ ಬಿಟ್ಟರು. ರಿಮೋಟು ಗೋಡೆಯ ಮೇಲಿನ ತಾತನ ಫೋಟೊಕ್ಕೆ ಹೋಗಿ ತಗುಲಿತು. ಇದು ಬರೀ ಸಿಂಗಟಗೆರೆಯ ಪಾಠವಲ್ಲ. ಯಂತ್ರ ಬಿಡುಗಡೆಯಾದ ಮರುತಿಂಗಳೇ, ರಿಮೋಟಿನ ಮಣಿಕಟ್ಟು ದಾರಗಳು ಹರಿದು ಲೋಕದ ಟೀವಿಗಳಿಗೆ ಪೆಟ್ಟು ಬೀಳತೊಡಗಿ, ನಿಂಟೆಂಡೊ 32 ಲಕ್ಷ ದಾರಗಳನ್ನು ಬದಲಿಸಿಕೊಡಲು ಮುಂದಾಗಿತ್ತು. ನಮ್ಮ ಶಾಖೆಯಲ್ಲಿ ಅಜ್ಜಿಯೇ ದೇವರ ಪೆಟ್ಟಿಗೆಯಿಂದ ಅರಿಶಿನದ ದಾರ ತೆಗೆದು ಮಗನ ಮಣಿಕಟ್ಟಿಗೂ ರಿಮೋಟಿಗೂ ಸೇರಿಸಿ ಬಿಗಿದಳು. ಕಂಕಣಧಾರಣೆಯ ನಂತರವೇ ಬೇಟೆ ಎಂಬ ವಿಧಿ ಹೀಗೆ ಸಿದ್ಧವಾಯಿತು.

ಅದೇ ಗ್ರಂಥದ ಹಸು ಪ್ರಕರಣ ಮಾತ್ರ ಈ ಶಾಖೆಯಲ್ಲಿ ಪ್ರಕ್ಷಿಪ್ತವೆಂದು ತಿರಸ್ಕೃತವಾಗಿದೆ. ಅಲ್ಲಿ ಸರಪಳಿ ಕಟ್ಟಿದ ಹಸುವನ್ನು ಗಿರಗಿರ ತಿರುಗಿಸಿ ದೂರ ಎಸೆಯಬೇಕು, ಅದಕ್ಕೆ ರಿಮೋಟನ್ನು ತಲೆಯ ಮೇಲೆ ಸುತ್ತಬೇಕು. ಥೇಟ್ ಕವಣೆ. ದೊಡ್ಡಪ್ಪ ಮೊದಲ ಎಸೆತಕ್ಕೇ ಮಕ್ಕಳ ದಾಖಲೆಯನ್ನೆಲ್ಲ ಮುರಿದರು. ಒಳಗಿನಿಂದ ಅಜ್ಜಿ ಬಂದಳು. “ಲೋ, ಅದು ಹಸ ಕಣೋ! ಹಸ ಬಿಸಾಕ್ತಾರೇನೋ? ಕಾವಲಿನ ಮಗ್ಗುಲಲ್ಲಿ ಹುಟ್ಟಿ ಬೆಳೆದೋನು ನೀನು!” ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ನಾಡಿನಲ್ಲಿ ಈ ಆಕ್ಷೇಪಕ್ಕೆ ಎದುರಿಲ್ಲ. ಮೈಸೂರು ಒಡೆಯರ ಬೆಣ್ಣೆ ಚಾವಡಿಯಾಗಿದ್ದು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿ, ಫಿರಂಗಿ ಎಳೆದ ವಂಶ ಅದು. “ಬಿಡಮ್ಮ, ಹಾಲು ಕರೆಯೋ ಆಟನೂ ಐತೆ, ಅದನ್ನೇ ಆಡ್ತೀನಿ” ಎಂದು ದೊಡ್ಡಪ್ಪ ರಾಜಿಗೆ ಬಂದರು. ಎರಡೂ ಕೈಯನ್ನು ಒಂದಾದ ಮೇಲೊಂದು ಕುಲುಕಿದರೆ ಟೀವಿಯ ಹಸು ಹಾಲು ಸುರಿಸುತ್ತದೆ. ಅಮೃತಮಹಲ್ ಉಳುಮೆಯ ತಳಿ, ಹಾಲಿನಲ್ಲಿ ಜಿಪುಣ. ಅಷ್ಟು ಹಾಲು ನೋಡಿದ ಅಜ್ಜಿ “ಸೀಮೆ ಹಸ ಇರ್ಬೇಕು” ಎಂದು ಒಳಗೆ ಹೋದಳು.

ಇನ್ನು ಗಂಟು ಬಿಚ್ಚುವ ಸಮಯ. ಮಕ್ಕಳೆಲ್ಲ ಟೀವಿ ನೋಡುತ್ತಿದ್ದರು ಎಂದು ಮೇಲುನೋಟದ ವಿಮರ್ಶಕರು ಹೇಳಬಹುದು. ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ದೊಡ್ಡಪ್ಪನ ಬೆನ್ನ ಮೇಲೆ. ಮೊಲ ಎಡಕ್ಕೆ ಓಡಿದರೆ ಅವರ ಸೊಂಟ ಎಡಕ್ಕೆ ವಾಲುತ್ತಿತ್ತು, ಬಲಕ್ಕೆ ಬಂದರೆ ನಾಲಿಗೆಯ ತುದಿ ಬಲಗಡೆ ಹೊರಬರುತ್ತಿತ್ತು. ಪಂಪು ಅಂಟಿದ ಕೂಡಲೇ, ಊರಿನ ಪಂಚಾಯ್ತಿಯಲ್ಲಿ ಎಂದೂ ದನಿ ಎತ್ತದ ಅವರು, “ಬ್ವಾ!” ಎಂದು ಮೊಲಕ್ಕಿಂತ ಜೋರಾಗಿ ಕೂಗುತ್ತಿದ್ದರು. ಅತ್ತೆಯಂತೂ ಕಂಬಕ್ಕೆ ಒರಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅರ್ಜುನನ ಸಭೆಯಲ್ಲೂ ಹೀಗೇ ಆಗಿರಬೇಕೆಂಬುದು ನಮ್ಮ ತರ್ಕ. ಅಷ್ಟು ಮೇಲಿನ ಮೀನು ಯಾರಿಗೆ ಕಂಡೀತು? ಬಗ್ಗಿ ನೀರು ನೋಡುತ್ತ ಮೇಲಕ್ಕೆ ಬಿಲ್ಲೆತ್ತಿದ ಪಾರ್ಥನ ಭಂಗಿಯನ್ನೇ ಜನ ನೋಡಿದ್ದು.

ಈ ಸಿದ್ಧಾಂತಕ್ಕೆ ಯಂತ್ರದ ಒಳಗುಟ್ಟೂ ಸಾಕ್ಷಿ. ಟೀವಿಯ ನೆತ್ತಿಯ ಮೇಲಿಡುವ ಉದ್ದನೆಯ ಪಟ್ಟಿ ನಮ್ಮನ್ನು ನೋಡುತ್ತದೆ ಎಂದು ಲೋಕ ನಂಬಿದೆ. ಅದಕ್ಕೆ ಕಣ್ಣೇ ಇಲ್ಲ. ಎರಡು ತುದಿಯಲ್ಲಿ ಐದೈದು ಪುಟ್ಟ ದೀಪ, ಅವುಗಳ ಬೆಳಕು ನಮ್ಮ ಕಣ್ಣಿಗೆ ಕಾಣದ ಅವಕೆಂಪು, ಅಷ್ಟೇ. ಕಣ್ಣಿರುವುದು ರಿಮೋಟಿನ ಮೂತಿಯಲ್ಲಿ. ಆ ಎರಡು ಬೆಳಕಿನ ಚುಕ್ಕೆಗಳು ತನ್ನ ನೋಟದಲ್ಲಿ ಎಲ್ಲಿವೆ, ಎಷ್ಟು ಓರೆಯಾಗಿವೆ, ಎಷ್ಟು ಅಂತರದಲ್ಲಿವೆ ಎಂದು ನೋಡಿ ಅದು ಗುರಿಯನ್ನು ಲೆಕ್ಕ ಹಾಕುತ್ತದೆ. ಬಾತುಬೇಟೆಯ ಪಿಸ್ತೂಲಿನ ವಂಶವೇ. ಇದನ್ನು ಪ್ರಯೋಗದಿಂದ ಸಿದ್ಧಮಾಡಿದ ಕೀರ್ತಿ ಒಂದು ಇಲಿಗೆ ಸಲ್ಲಬೇಕು. ಆ ಮನೆಯ ಅಟ್ಟದ ಇಲಿ ರಾತ್ರಿ ಇಳಿದು ಪಟ್ಟಿಯ ತಂತಿಯನ್ನು ಕಡಿದು ಹಾಕಿತು. ಬೆಳಿಗ್ಗೆ ಮೊಲಗಳಿವೆ, ಬೇಟೆಯಿಲ್ಲ. ದೊಡ್ಡ ಮೊಮ್ಮಗ ದೇವರ ಮನೆಯಿಂದ ಎರಡು ಹಿತ್ತಾಳೆ ದೀಪ ತಂದು ಟೀವಿಯ ಮುಂದಿನ ಸ್ಟೂಲಿನ ಮೇಲೆ ಗೇಣಳತೆಯ ಅಂತರದಲ್ಲಿಟ್ಟು ಹಚ್ಚಿದ. ಬೆಂಕಿಯಿದ್ದಲ್ಲಿ ಅವಕೆಂಪು ಇದ್ದೇ ಇದೆ. ಪರದೆಯ ಮೇಲೆ ಗುರಿಚಿಹ್ನೆ ಎದ್ದು ನಿಂತಿತು. ಗಾಳಿಗೆ ಬತ್ತಿ ಅಲುಗಿದಾಗ ಗುರಿಯೂ ಅಲುಗುತ್ತಿತ್ತು. ಜಾತ್ರೆಯ ಬಂದೂಕಿಗಿಂತ ಇದು ಎಷ್ಟೋ ವಾಸಿ ಎಂದು ದೊಡ್ಡಪ್ಪ ಪ್ರಮಾಣಪತ್ರ ಕೊಟ್ಟರು.

ಅಜ್ಜಿಗೆ ಧರ್ಮಸೂಕ್ಷ್ಮ ಎದುರಾಯಿತು. ದೀಪ ಹಚ್ಚಿದ್ದು ಹಗಲಲ್ಲಿ, ದೇವರಿಗಲ್ಲ, ಮೊಲಕ್ಕೆ. ಆದರೂ ದೀಪ ದೀಪವೇ, ಉಸಿರಿನಿಂದ ಊದಿ ಆರಿಸುವಂತಿಲ್ಲ, ತಾನಾಗಿ ಶಾಂತವಾಗಬೇಕು. ಮೊಮ್ಮಕ್ಕಳು ಇದನ್ನೇ ಹಿಡಿದರು: ದೀಪ ಉರಿಯುವವರೆಗೆ ಆಟ ನಿಲ್ಲಿಸುವುದು ದೀಪಕ್ಕೆ ಮಾಡುವ ಅಪಚಾರ. ಪೂರ್ವಮೀಮಾಂಸಕರೂ ತಲೆದೂಗುವ ವಾದ. ಮರುದಿನದಿಂದ ಎಣ್ಣೆ ಹಾಕುವ ಕೆಲಸಕ್ಕೆ ಮಕ್ಕಳಲ್ಲೇ ಪೈಪೋಟಿ, ಎರಡೂ ದೀಪ ತುಂಬಿ ತುಳುಕುತ್ತಿದ್ದವು. ಅಜ್ಜಿ ಎದುರು ವಾದ ಹೂಡಲಿಲ್ಲ, ಎಣ್ಣೆಯ ಗಿಂಡಿಯನ್ನೂ ಬಚ್ಚಿಡಲಿಲ್ಲ. ಜಗಲಿಯಲ್ಲಿ ಕಾಲು ಚಾಚಿ ಕೂತು, ತೊಡೆಯ ಮೇಲೆ ಹತ್ತಿ ಹೊಸೆದು, ಆ ಎರಡು ದೀಪಗಳಿಗೆಂದೇ ಅರ್ಧ ಬೆರಳುದ್ದದ ಬತ್ತಿ ಮಾಡಿಟ್ಟಳು.